ಬೆಂಗಳೂರಿನ ತಂಪು ಗಾಳಿಯನ್ನು ನಂಬಬೇಡಿ: ಬಿಸಿಲಿನಿಂದ ಚರ್ಮ ಕಾಪಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ರಾಯಚೂರು, ಕಲಬುರಗಿ ಕಡೆಯವರಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಹೊತ್ತು ಏರುತ್ತಿದ್ದಂತೆ ತಲೆಗೆ ಟವೆಲ್ ಸುತ್ತಿ ನೆರಳು ಸೇರುತ್ತಾರೆ. ಮೋಸ ಹೋಗುವವರು ಬೆಂಗಳೂರಿನವರು. ಇಲ್ಲಿ ಮಾರ್ಚ್ ತಿಂಗಳಲ್ಲೂ ಬೆಳಿಗ್ಗೆ ಹತ್ತರ ತನಕ ಗಾಳಿ ಹಿತವಾಗಿ ಬೀಸುತ್ತಿರುತ್ತದೆ. ಬೆವರು ಬಂದದ್ದೂ ಗೊತ್ತಾಗುವುದಿಲ್ಲ, ಆರಿದ್ದೂ ಗೊತ್ತಾಗುವುದಿಲ್ಲ. 'ವೆದರ್ ಸಕತ್ತಾಗಿದೆ ಅಲ್ವಾ' ಎಂದುಕೊಂಡು ಮೈದಾನದಲ್ಲಿ ಮೂರು ಗಂಟೆ ಕ್ರಿಕೆಟ್ ಆಡುತ್ತೇವೆ. ಸಂಜೆ ಸ್ನಾನಕ್ಕೆ ಬಿಸಿನೀರು ಹೊಯ್ದುಕೊಂಡಾಗ ಕತ್ತಿನ ಹಿಂಭಾಗ ಚುರ್ ಎನ್ನುತ್ತದೆ.

ಚರ್ಮವನ್ನು ಹಾಳು ಮಾಡುವುದು ಸೆಕೆ ಅಲ್ಲ, ಬಿಸಿಲಿನಲ್ಲಿರುವ ಯುವಿ, ಅಂದರೆ ಅತಿನೇರಳೆ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯೂ ಅನಿಸುವುದಿಲ್ಲ. ಥರ್ಮಾಮೀಟರ್ 27 ಡಿಗ್ರಿ ತೋರಿಸುವ ದಿನವೂ ಯುವಿ ವಿಪರೀತ ಇರಬಹುದು. ಬೆಂಗಳೂರು ಭೂಮಧ್ಯರೇಖೆಯಿಂದ ಬರೀ 13 ಡಿಗ್ರಿ ಉತ್ತರಕ್ಕಿದೆ. ವರ್ಷದ ಬಹುಪಾಲು ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಆಸುಪಾಸಿನಲ್ಲೇ ಇರುತ್ತಾನೆ. ಜೊತೆಗೆ ಊರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಮೇಲಿದೆ. 1000 ಮೀಟರ್ ಏರಿದರೆ ಯುವಿ ಸುಮಾರು ಶೇ. 10ರಷ್ಟು ಜಾಸ್ತಿಯಾಗುತ್ತದೆ. ಅಂದರೆ ನಮಗೆ ತಂಪು ಕೊಡುವ ಎತ್ತರವೇ ಯುವಿಯನ್ನೂ ಒಂದಿಷ್ಟು ಹೆಚ್ಚಿಗೆ ಕೊಡುತ್ತದೆ.

ಇನ್ನು 'ನಮ್ಮ ಕಂದು ಚರ್ಮಕ್ಕೆ ಏನೂ ಆಗಲ್ಲ ಬಿಡಿ' ಎನ್ನುವ ಮಾತು. ಅರ್ಧ ನಿಜ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ ಇರುವುದರಿಂದ ಬಿಳಿಯರಿಗೆ ಬರುವಷ್ಟು ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬರುವುದಿಲ್ಲ. ಆ ಹೆದರಿಕೆ ಹುಟ್ಟಿಸುವ ಜಾಹೀರಾತುಗಳನ್ನು ನಂಬಬೇಕಿಲ್ಲ. ಆದರೆ ಅದೇ ಮೆಲನಿನ್ ಕಾರಣಕ್ಕೆ ನಮಗೆ ಕಲೆ ಬೇಗ ಬೀಳುತ್ತದೆ, ಹೋಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆನ್ನೆ ಮೇಲಿನ ಬಂಗು, ಹಣೆ ಕಪ್ಪಾಗುವುದು, ಮೊಡವೆ ವಾಸಿಯಾದ ಜಾಗದಲ್ಲಿ ಉಳಿಯುವ ಗುರುತು, ವಯಸ್ಸಿಗೆ ಮುಂಚೆ ಬರುವ ಸುಕ್ಕು, ಇವೆಲ್ಲ ಬಿಸಿಲಿಗೆ ಹೆಚ್ಚುತ್ತವೆ. ತೊನ್ನು ಇರುವವರಿಗೆ ಆ ಬಿಳಿ ಜಾಗದಲ್ಲಿ ಮೆಲನಿನ್ನೇ ಇಲ್ಲ, ಅಲ್ಲಿ ಬೇಗ ಸುಡುತ್ತದೆ. ಹುಟ್ಟಿನಿಂದಲೇ ಮೈಯೆಲ್ಲ ಬಿಳಿಯಾಗಿರುವ ಆಲ್ಬಿನಿಸಂ ಇರುವವರಿಗಂತೂ ಕ್ಯಾನ್ಸರ್ ಭಯವೂ ನಿಜವೇ.

ಹೆಜ್ಜೆ 1: ಹೊರಗೆ ಹೊರಟಾಗ ನಿಮ್ಮ ನೆರಳು ನೋಡಿ

ಯಾವ ಆ್ಯಪ್ ಇಲ್ಲದೆಯೂ ಯುವಿ ಅಂದಾಜು ಮಾಡಬಹುದು. ನಿಮ್ಮ ನೆರಳು ನಿಮಗಿಂತ ಉದ್ದ ಇದ್ದರೆ ಬಿಸಿಲು ಇನ್ನೂ ಸೌಮ್ಯ. ನಿಮಗಿಂತ ಗಿಡ್ಡ ಆಯಿತೆಂದರೆ ಸೂರ್ಯ 45 ಡಿಗ್ರಿಗಿಂತ ಮೇಲೆ ಬಂದಿದ್ದಾನೆ ಎಂದರ್ಥ. ಆಗಿನಿಂದ ಮುಚ್ಚಿಕೊಳ್ಳಬೇಕು, ಇಲ್ಲವೇ ಮರದ ಕೆಳಗೆ ಸೇರಬೇಕು.

ಇದನ್ನು ಬೆಂಗಳೂರಿನ ಗಡಿಯಾರಕ್ಕೆ ಹೊಂದಿಸೋಣ. ನಮ್ಮ ಗಡಿಯಾರ ಓಡುವುದು ಪೂರ್ವದ 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ, ಸುಮಾರು 77.6ರಲ್ಲಿ. ಹಾಗಾಗಿ ಇಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು 12 ಗಂಟೆಗಲ್ಲ, ಹೆಚ್ಚುಕಮ್ಮಿ 12:20ಕ್ಕೆ. ಏಪ್ರಿಲ್ ಕೊನೆಯಲ್ಲಿ ಬೆಳಿಗ್ಗೆ ಸುಮಾರು 9:20ರಿಂದ ಮಧ್ಯಾಹ್ನ 3:20ರ ತನಕ ನಿಮ್ಮ ನೆರಳು ನಿಮಗಿಂತ ಗಿಡ್ಡ. ಡಿಸೆಂಬರ್ ಕೊನೆಯಲ್ಲಿ ಈ ಅವಧಿ 10:30ರಿಂದ 2ರ ತನಕ ಅಷ್ಟೇ. ಕಾಪಾಡಿಕೊಳ್ಳಬೇಕಾದ ಹೊತ್ತು ಬೇಸಿಗೆಯಲ್ಲಿ ಆರು ಗಂಟೆ, ಚಳಿಗಾಲದಲ್ಲಿ ಮೂರೂವರೆ ಗಂಟೆ ಎಂದು ನೆನಪಿಟ್ಟುಕೊಂಡರೆ ಸಾಕು.

ವರ್ಷಕ್ಕೆ ಎರಡು ಸಲ, ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಬೆಂಗಳೂರಿನಲ್ಲಿ ನೆಟ್ಟಗೆ ನಿಂತ ಕಂಬದ ನೆರಳು ಮಧ್ಯಾಹ್ನ ಮಾಯವೇ ಆಗುತ್ತದೆ. ಇದೇ ಶೂನ್ಯ ನೆರಳಿನ ದಿನ. ಏಪ್ರಿಲ್ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ. 2016ರ ಏಪ್ರಿಲ್‌ನಲ್ಲಿ ಪಾದರಸ 39.2 ಡಿಗ್ರಿ ಮುಟ್ಟಿದ್ದು ಜನಕ್ಕೆ ಇನ್ನೂ ನೆನಪಿದೆ. ಆಗಸ್ಟ್ ಬಿಸಿಲಿಗೆ ಯಾರೂ ಹೆದರುವುದಿಲ್ಲ. ಸ್ವಾತಂತ್ರ್ಯ ದಿನದ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಮಟಮಟ ಮಧ್ಯಾಹ್ನ ಬರಿ ತಲೆಯಲ್ಲಿ ಕ್ಯೂ ನಿಲ್ಲುತ್ತೇವೆ. ಆಗ ಮೋಡ ಸರಿದರೆ ಬೀಳುವುದು ನೆತ್ತಿಯ ಮೇಲಿನ ಸೂರ್ಯನ ನೇರ ಕಿರಣ.

ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್ ಎಂಬ ಅಂಕಿಯೂ ಇರುತ್ತದೆ. 2ರ ತನಕ ಚಿಂತೆ ಇಲ್ಲ. 3 ಆಯಿತೆಂದರೆ ರಕ್ಷಣೆ ಶುರು ಮಾಡಿ. 8 ದಾಟಿದರೆ ಬಹಳ ಜಾಸ್ತಿ, 11 ದಾಟಿದರೆ ವಿಪರೀತ. ಬೆಂಗಳೂರಿನಲ್ಲಿ ಮಾರ್ಚ್-ಏಪ್ರಿಲ್‌ನ ತಿಳಿ ಆಕಾಶದ ಮಧ್ಯಾಹ್ನಗಳಲ್ಲಿ 11 ದಾಟುವುದು ಮಾಮೂಲಿ. ಸ್ವೆಟರ್ ಹಾಕಿಕೊಳ್ಳುವ ಡಿಸೆಂಬರ್‌ನಲ್ಲೂ ಮಧ್ಯಾಹ್ನ 7-8 ಕಾಣುತ್ತದೆ.

ಮೋಡದ ಬಗ್ಗೆ ಒಂದು ಮಾತು. ತೆಳು ಮೋಡ ಯುವಿಯನ್ನು ಹೆಚ್ಚುಕಮ್ಮಿ ಪೂರ್ತಿಯಾಗಿಯೇ ಬಿಡುತ್ತದೆ, ತಡೆಯುವುದು ಸೆಕೆಯನ್ನು. ದಟ್ಟ ಕಪ್ಪು ಮೋಡ ಮಾತ್ರ ನಿಜವಾಗಿ ತಡೆಯುತ್ತದೆ. ಚದುರಿದ ಬಿಳಿ ಮೋಡಗಳ ಅಂಚಿನಿಂದ ಕಿರಣ ಚೆದರಿ ಕೆಲವು ನಿಮಿಷ ಯುವಿ ಇನ್ನೂ ಏರುವುದುಂಟು.

ಹೆಜ್ಜೆ 2: ಹೋಗುವ ಜಾಗಕ್ಕೆ ತಕ್ಕ ಹೊತ್ತು ಆರಿಸಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಲಾಭ ಮಾತ್ರ ಎಲ್ಲಕ್ಕಿಂತ ಜಾಸ್ತಿ. ವಾಕಿಂಗ್, ಜಾಗಿಂಗ್, ಸೈಕಲ್, ಶಟಲ್ ಯಾವುದಾದರೂ ಸರಿ, ಬೆಳಿಗ್ಗೆ 8:30ರ ಒಳಗೆ ಅಥವಾ ಸಂಜೆ 4:30ರ ಮೇಲೆ ಇಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಜಾಗವೂ ಮುಖ್ಯ. ಕಬ್ಬನ್ ಪಾರ್ಕಿನ ದೊಡ್ಡ ಮರಗಳ ಕೆಳಗೆ ಹತ್ತು ಗಂಟೆಗೆ ಓಡುವುದೂ, ಔಟರ್ ರಿಂಗ್ ರೋಡಿನ ಸರ್ವಿಸ್ ರಸ್ತೆಯಲ್ಲಿ ಹತ್ತು ಗಂಟೆಗೆ ಓಡುವುದೂ ಒಂದೇ ಅಲ್ಲ. ಲಾಲ್‌ಬಾಗ್ ಒಳಗೇ ಎರಡು ಲೋಕ ಇವೆ. ಗಾಜಿನ ಮನೆ ಹಿಂದಿನ ಸಾಲುಮರಗಳ ದಾರಿಯಲ್ಲಿ ನೆರಳೋ ನೆರಳು. ಕೆಂಪೇಗೌಡ ಗೋಪುರ ಇರುವ ಬಂಡೆ ಹತ್ತಿದರೆ ಹುಲ್ಲುಕಡ್ಡಿಯ ನೆರಳೂ ಸಿಗುವುದಿಲ್ಲ. ಬಂಡೆಗೆ ಮೊದಲು ಹೋಗಿ, ಮರಗಳ ಕಡೆ ಆಮೇಲೆ ಬನ್ನಿ. ಬಹಳ ಜನ ಇದನ್ನು ತಿರುವು ಮುರುವು ಮಾಡುತ್ತಾರೆ.

ನಂದಿ ಬೆಟ್ಟಕ್ಕೆ ಸೂರ್ಯೋದಯಕ್ಕೆ ಹೋಗುವವರು ಟೋಪಿ ಒಯ್ಯುವುದಿಲ್ಲ. ಕತ್ತಲಲ್ಲಿ ಹೊರಟಿದ್ದೇವಲ್ಲ, ಟೋಪಿ ಯಾಕೆ ಎಂದು. ಸೂರ್ಯೋದಯ ಮುಗಿಸಿ, ಫೋಟೋ ತೆಗೆದು, ತಿಂಡಿ ತಿಂದು, ಇಳಿಯುವ ವಾಹನಗಳ ಸಾಲಿನಲ್ಲಿ ಬೈಕ್ ಮೇಲೆ ಕೂತಾಗ ಗಂಟೆ ಹತ್ತಾಗಿರುತ್ತದೆ. ಬೆಟ್ಟ 1478 ಮೀಟರ್ ಎತ್ತರದಲ್ಲಿದೆ, ಮಂಜು ಕರಗಿದ ಮೇಲಿನ ಬಿಸಿಲು ಊರಿನದಕ್ಕಿಂತ ಚುರುಕು. ಸಾವನದುರ್ಗದಂಥ ಬೋಳುಬಂಡೆಯಲ್ಲಿ ಕಷ್ಟ ಇಳಿಯುವಾಗ. ಹತ್ತುವಾಗ ಎಳೆ ಬಿಸಿಲು, ಇಳಿಯುವಾಗ ಸುಡು ಬಿಸಿಲು, ನಡುವೆ ನಿಲ್ಲಲು ಮರ ಇಲ್ಲ. ಒಂಬತ್ತೂವರೆಗೆ ಕೆಳಗೆ ಇರುವಂತೆ ಲೆಕ್ಕ ಹಾಕಿ ಹೊರಡಿ. ಹೆಸರಘಟ್ಟದ ಹುಲ್ಲುಗಾವಲಿಗೆ ಹಕ್ಕಿ ನೋಡಲು ಹೋಗುವವರಿಗೂ ಇದೇ ಮಾತು. ಬೈನಾಕ್ಯುಲರ್ ಹಿಡಿದ ಕೈಗಳ ಹಿಂಭಾಗ ಪೂರ್ತಿ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ ಎಂಬುದು ಮರೆತೇ ಹೋಗುತ್ತದೆ.

ಹೆಜ್ಜೆ 3: ಮೊದಲು ಬಟ್ಟೆ, ಆಮೇಲೆ ಕ್ರೀಮ್

ನನ್ನನ್ನು ಕೇಳಿದರೆ ಸನ್‌ಸ್ಕ್ರೀನ್‌ಗೆ ಎರಡನೇ ಜಾಗ. ಬಟ್ಟೆ ಬೆವರಿಗೆ ಕರಗುವುದಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಿಲ್ಲ, ತಿಂಗಳಿಗೊಮ್ಮೆ ಮುಗಿಯುವುದೂ ಇಲ್ಲ.

ಆದರೆ ಎಲ್ಲ ಬಟ್ಟೆಯೂ ಒಂದೇ ಅಲ್ಲ. ತೆಳ್ಳಗಿನ ಬಿಳಿ ಕಾಟನ್ ಟೀ ಶರ್ಟ್ ತಡೆಯುವುದು ಅಷ್ಟಕ್ಕಷ್ಟೆ. ಬೆವರಿಗೋ ನೀರಿಗೋ ಒದ್ದೆಯಾದರೆ ಇನ್ನೂ ಕಡಿಮೆ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಆಚೆ ಕಡೆ ನಿಮ್ಮ ಬೆರಳು ಕಂಡರೆ ಯುವಿಯೂ ಒಳಗೆ ಬರುತ್ತದೆ. ಒತ್ತು ನೇಯ್ಗೆ, ಗಾಢ ಬಣ್ಣ, ಸ್ವಲ್ಪ ಸಡಿಲ, ಹೀಗಿರಲಿ. ಕ್ರೀಡಾ ಬಟ್ಟೆಗಳ ಮೇಲೆ ಯುಪಿಎಫ್ 50 ಎಂದು ಬರೆದಿದ್ದರೆ ಯುವಿಯ ಐವತ್ತನೇ ಒಂದು ಪಾಲು ಮಾತ್ರ ಒಳಗೆ ಬರುತ್ತದೆ ಎಂದರ್ಥ. ಟ್ರೆಕ್ಕಿಂಗ್, ಸೈಕ್ಲಿಂಗ್ ಮಾಡುವವರು ಅಂಥದ್ದೊಂದು ಫುಲ್ ತೋಳಿನ ಟೀ ಶರ್ಟ್ ಕೊಂಡಿಟ್ಟುಕೊಳ್ಳಿ.

ಟೋಪಿ ಎಂದರೆ ಸುತ್ತಲೂ ಅಂಚು ಇರುವ ಟೋಪಿ, ಅಂಚು ಏಳೆಂಟು ಸೆಂಟಿಮೀಟರ್ ಇರಬೇಕು. ಕ್ರಿಕೆಟ್ ಅಂಪೈರ್‌ಗಳು ಹಾಕುವ ಥರದ್ದು. ಮುಂದೆ ಮಾತ್ರ ಚಾಚಿರುವ ಕ್ಯಾಪ್ ಮೂಗು ಹಣೆ ಕಾಯುತ್ತದೆ, ಕಿವಿ ಕತ್ತು ಬಿಟ್ಟುಬಿಡುತ್ತದೆ.

ಕೊಡೆ ಹಿಡಿಯಲು ನಮ್ಮ ಗಂಡಸರಿಗೆ ಅದೇನು ಸಂಕೋಚವೋ. ನಮ್ಮ ಅಜ್ಜಂದಿರು ಕರಿ ಕೊಡೆ ಇಲ್ಲದೆ ಸಂತೆಗೂ ಹೋಗುತ್ತಿರಲಿಲ್ಲ. ಒಳ್ಳೆಯ ಕಪ್ಪು ಕೊಡೆ ಮೇಲಿಂದ ಬೀಳುವ ಯುವಿಯಲ್ಲಿ ಶೇ. 90ರಷ್ಟನ್ನು ತಡೆಯಬಲ್ಲದು. ಪಕ್ಕದಿಂದ, ಕೆಳಗಿನಿಂದ ಪ್ರತಿಫಲಿಸಿ ಬರುವುದಕ್ಕೆ ಮಾತ್ರ ಅದು ಏನೂ ಮಾಡಲಾರದು.

ದ್ವಿಚಕ್ರ ವಾಹನದವರಿಗೆ ಬೇರೆಯೇ ಲೆಕ್ಕ. ಬೆಂಗಳೂರಿನಲ್ಲಿ ನಮಗೆ ಅತಿ ಹೆಚ್ಚು ಬಿಸಿಲು ಬೀಳುವುದು ಪಾರ್ಕಿನಲ್ಲಿ ಅಲ್ಲ, ಸಿಗ್ನಲ್‌ನಲ್ಲಿ. ಫುಲ್ ತೋಳಿನ ಶರ್ಟ್ ಹಾಕಿ ಸ್ಕೂಟರ್ ಹ್ಯಾಂಡಲ್ ಹಿಡಿದು ನೋಡಿ. ಕೈ ಮುಂದಕ್ಕೆ ಚಾಚಿದ ಕೂಡಲೇ ತೋಳು ಎರಡು ಬೆರಳಗಲ ಹಿಂದಕ್ಕೆ ಸರಿಯುತ್ತದೆ. ಗ್ಲೌಸ್ ಮಣಿಕಟ್ಟಿಗೇ ಮುಗಿದಿರುತ್ತದೆ. ನಡುವೆ ಉಳಿದ ಆ ಪಟ್ಟಿ ದಿನಾ ಬೆಂದು ಬೆಂದು ಕಪ್ಪು ಬಳೆ ತೊಟ್ಟ ಹಾಗೆ ಆಗುತ್ತದೆ. ಇದಕ್ಕೆ ಉದ್ದನೆಯ ಗ್ಲೌಸ್ ಬೇಕು, ಇಲ್ಲವೇ ಬೆರಳಿನ ತನಕ ಬರುವ ತೋಳುಚೀಲ. ಚಪ್ಪಲಿ ಹಾಕಿ ಗಾಡಿ ಓಡಿಸುವವರ ಪಾದದ ಮೇಲೆ ಪಟ್ಟಿಯ ಚಿತ್ರ ಮೂಡುವುದೂ ಹೀಗೇ. ಶೂ ಅಥವಾ ಸಾಕ್ಸ್ ಒಂದೇ ಪರಿಹಾರ.

ಮುಖಕ್ಕೆ ವೇಲ್ ಸುತ್ತಿ ಅದರ ಮೇಲೆ ಹೆಲ್ಮೆಟ್ ಹಾಕುವ ಅಭ್ಯಾಸ ಚರ್ಮಕ್ಕೆ ಒಳ್ಳೆಯದೇ, ತಲೆಗೆ ಒಳ್ಳೆಯದಲ್ಲ. ದಪ್ಪ ವೇಲ್ ಒಳಗೆ ಮುದ್ದೆಯಾದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಮುಖಕ್ಕೆ ಹೊಂದುವ ತೆಳ್ಳನೆಯ ಕಾಟನ್ ಮಾಸ್ಕ್ ಟೋಪಿಗಳು ಸಿಗುತ್ತವೆ, ಅದನ್ನು ಹಾಕಿ. ಸಡಿಲ ತುದಿ ಚಕ್ರಕ್ಕೆ ಸಿಕ್ಕುವ ಭಯವೂ ಇರುವುದಿಲ್ಲ.

ಕಾರಿನವರು ನಾವು ಸುರಕ್ಷಿತ ಎಂದುಕೊಳ್ಳಬೇಡಿ. ಯುವಿಯಲ್ಲಿ ಎರಡು ಬಗೆ ನಮಗೆ ಮುಖ್ಯ. ಚರ್ಮ ಸುಡುವುದು ಮುಖ್ಯವಾಗಿ ಯುವಿಬಿ, ಅದನ್ನು ಗಾಜು ತಡೆಯುತ್ತದೆ. ಚರ್ಮದ ಆಳಕ್ಕೆ ಇಳಿದು ಕಪ್ಪು, ಸುಕ್ಕು ತರುವುದು ಯುವಿಎ. ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಯುವಿಎಯನ್ನೂ ಬಹುಪಾಲು ತಡೆಯುತ್ತದೆ. ಪಕ್ಕದ ಕಿಟಕಿಗಳಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಹಲವು ವರ್ಷ ಕ್ಯಾಬ್ ಓಡಿಸಿದವರ ಎರಡೂ ಮುಂಗೈ ಪಕ್ಕಪಕ್ಕ ಇಟ್ಟು ನೋಡಿದರೆ ಕಿಟಕಿ ಕಡೆಯ ಬಲಗೈ ಒಂದು ಬಣ್ಣ, ಎಡಗೈ ಇನ್ನೊಂದು ಬಣ್ಣ. ಆಫೀಸಿನಲ್ಲಿ ಬಿಸಿಲು ಬೀಳುವ ಕಿಟಕಿ ಪಕ್ಕ ಕೂರುವವರಿಗೂ ಇದು ಅನ್ವಯಿಸುತ್ತದೆ.

ಹೆಜ್ಜೆ 4: ಸನ್‌ಸ್ಕ್ರೀನ್ ಕೊಳ್ಳುವಾಗ ನೋಡಬೇಕಾದ್ದು

ಮೆಡಿಕಲ್ ಶಾಪ್‌ನ ಕಪಾಟು ನೋಡಿದರೆ ತಲೆ ತಿರುಗುತ್ತದೆ. ಮೂರು ಸಂಗತಿ ನೋಡಿ, ಉಳಿದದ್ದು ಬಿಡಿ.

ಮೊದಲನೆಯದು ಎಸ್‌ಪಿಎಫ್. ಇದು ಯುವಿಬಿಯಿಂದ ಸಿಗುವ ರಕ್ಷಣೆಯ ಅಳತೆ. 30 ಇದ್ದರೆ ಸುಮಾರು ಶೇ. 97ರಷ್ಟು ತಡೆಯುತ್ತದೆ, 50 ಇದ್ದರೆ ಶೇ. 98ರಷ್ಟು. ಕಾಗದದ ಮೇಲೆ ವ್ಯತ್ಯಾಸ ಕಡಿಮೆ. ಆದರೂ ನಾವೆಲ್ಲ ಕಡಿಮೆ ಹಚ್ಚುವವರೇ ಆದ್ದರಿಂದ ದಿನವಿಡೀ ಹೊರಗಿರುವಾಗ 50 ಕೊಳ್ಳುವುದು ವಾಸಿ. 100 ಎಂದು ಬರೆದದ್ದಕ್ಕೆ ದುಪ್ಪಟ್ಟು ದುಡ್ಡು ಕೊಡಬೇಕಿಲ್ಲ.

ಎರಡನೆಯದು ಪಿಎ ಪಕ್ಕದ + ಗುರುತು. ಇದು ಜಪಾನಿನಿಂದ ಬಂದ ಪದ್ಧತಿ, ಯುವಿಎಗೆ ಸಂಬಂಧಿಸಿದ್ದು. ನಮ್ಮ ಚರ್ಮಕ್ಕೆ ಕಪ್ಪು ಕಲೆಯೇ ದೊಡ್ಡ ತಕರಾರು ಆಗಿರುವುದರಿಂದ ಇದನ್ನು ಎಸ್‌ಪಿಎಫ್‌ನಷ್ಟೇ ಗಂಭೀರವಾಗಿ ನೋಡಿ. ಮೂರು + ಇರಲಿ, ನಾಲ್ಕಿದ್ದರೆ ಇನ್ನೂ ಒಳ್ಳೆಯದು. ಪಿಎ ಗುರುತೇ ಇಲ್ಲದಿದ್ದರೆ 'ಬ್ರಾಡ್ ಸ್ಪೆಕ್ಟ್ರಮ್' ಎಂದಾದರೂ ಬರೆದಿರಬೇಕು.

ಮೂರನೆಯದು ನಿಮ್ಮ ಚರ್ಮ. ಎಣ್ಣೆ ಚರ್ಮಕ್ಕೆ, ಮೊಡವೆ ಇರುವವರಿಗೆ ಜೆಲ್. ಒಣ ಚರ್ಮಕ್ಕೆ ಕ್ರೀಮ್. ಉರಿ, ಅಲರ್ಜಿ ಆಗುವವರಿಗೆ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಮಿನರಲ್ ಬಗೆ. ಇದರ ತಾಪತ್ರಯ ಏನೆಂದರೆ ಕಂದು ಚರ್ಮದ ಮೇಲೆ ಬೂದಿ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಬಣ್ಣ ಬೆರೆಸಿದ, ಅಂದರೆ ಟಿಂಟೆಡ್ ಸನ್‌ಸ್ಕ್ರೀನ್ ತೆಗೆದುಕೊಂಡರೆ ಅದು ತಪ್ಪುತ್ತದೆ. ಬಂಗು ಇರುವವರಿಗಂತೂ ಟಿಂಟೆಡ್ ಬಗೆಯೇ ಸರಿ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ, ಆ ಬಣ್ಣದಲ್ಲಿರುವ ಐರನ್ ಆಕ್ಸೈಡ್ ಅದನ್ನೂ ತಡೆಯುತ್ತದೆ.

ಈಜುವವರು, ಆಟ ಆಡುವವರು 'ವಾಟರ್ ರೆಸಿಸ್ಟೆಂಟ್' ನೋಡಿ ಕೊಳ್ಳಿ. ಅದು ಕೂಡ ನೀರಿನಲ್ಲಿ 40 ಅಥವಾ 80 ನಿಮಿಷದ ಮಾತು, ದಿನವಿಡೀ ಅಲ್ಲ. ಕೊಂಡ ಟ್ಯೂಬನ್ನು ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟಿಡಬೇಡಿ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿ ಒಲೆಯಷ್ಟು ಕಾಯುತ್ತದೆ, ಕ್ರೀಮ್ ಒಡೆದು ನೀರು ಬೇರೆ ಎಣ್ಣೆ ಬೇರೆ ಆಗುತ್ತದೆ. ಹಾಗಾದದ್ದನ್ನು ಎಸೆಯಿರಿ.

ಹೆಜ್ಜೆ 5: ಹಚ್ಚುವ ರೀತಿ

ಎಲ್ಲರೂ ಎಡವುವುದು ಇಲ್ಲೇ. ಪೊಟ್ಟಣದ ಮೇಲಿನ ಎಸ್‌ಪಿಎಫ್ ಅಂಕಿಯನ್ನು ಪರೀಕ್ಷಿಸುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಜನ ಸಾಮಾನ್ಯವಾಗಿ ಹಚ್ಚುವುದು ಅದರ ಅರ್ಧ, ಕಾಲು ಭಾಗ. ಆಗ 50ರ ಟ್ಯೂಬ್ ಕೂಡ 50ರ ಕೆಲಸ ಮಾಡುವುದಿಲ್ಲ.

ಅಳತೆಗೆ ಸುಲಭದ ದಾರಿ ಇದೆ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯ ತನಕ ಒಂದೊಂದು ಗೆರೆ ಹಿಂಡಿ. ಮುಖಕ್ಕೂ ಕತ್ತಿಗೂ ಸೇರಿ ಇಷ್ಟು ಬೇಕು. ಒಂದೊಂದು ತೋಳಿಗೆ ಅಷ್ಟೇ. ಚಡ್ಡಿ ಹಾಕಿ ಓಡುವವರಿಗೆ ಮೊಣಕಾಲಿನ ಕೆಳಗೆ ಒಂದೊಂದು ಕಾಲಿಗೂ ಅಷ್ಟೇ. ಮೊದಲ ಸಲ ನೋಡಿದರೆ 'ಅಯ್ಯೋ ಇಷ್ಟೊಂದಾ' ಅನಿಸುತ್ತದೆ. ಒಂದೇ ಸಲ ಬಳಿದರೆ ಜಿಡ್ಡು ಅನಿಸುವುದೂ ನಿಜ. ಅರ್ಧ ಹಚ್ಚಿ, ಎರಡು ನಿಮಿಷ ಬಿಟ್ಟು, ಇನ್ನರ್ಧ ಹಚ್ಚಿ.

ಸರಿಯಾಗಿ ಹಚ್ಚುತ್ತಿದ್ದೀರಾ ಎಂದು ತಿಳಿಯಲು ಟ್ಯೂಬ್ ಎಷ್ಟು ದಿನ ಬಂತು ನೋಡಿ. ಮುಖಕ್ಕೂ ಕತ್ತಿಗೂ ಒಂದು ಸಲಕ್ಕೆ ಒಂದರಿಂದ ಒಂದೂವರೆ ಗ್ರಾಂ ಹೋಗುತ್ತದೆ. ದಿನಕ್ಕೆರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬ್ ಮೂರು ವಾರದ ಆಸುಪಾಸಿನಲ್ಲಿ ಮುಗಿಯಬೇಕು. ಯುಗಾದಿಗೆ ಕೊಂಡದ್ದು ಗಣೇಶನ ಹಬ್ಬಕ್ಕೂ ಇದ್ದರೆ ನೀವು ಸುಮ್ನೆ ವಾಸನೆಗೆ ಹಚ್ಚಿಕೊಳ್ಳುತ್ತಿದ್ದೀರಿ. ಬಟ್ಟೆಗೆ ಮೊದಲ ಜಾಗ ಎಂದದ್ದು ಇದಕ್ಕೇ. ತೋಳು ಕಾಲಿಗೆಲ್ಲ ಕ್ರೀಮೇ ಹಚ್ಚುತ್ತೇನೆಂದರೆ ಜೇಬಿಗೆ ಭಾರ.

ಮುಖ ತೊಳೆದು, ಬೇಕಿದ್ದರೆ ಮಾಯಿಶ್ಚರೈಸರ್ ಹಚ್ಚಿ, ಅದರ ಮೇಲೆ ಸನ್‌ಸ್ಕ್ರೀನ್. ಮೇಕಪ್ ಏನಿದ್ದರೂ ಆಮೇಲೆ. ಕೆರೆ ಕಡೆ ಹೋಗುವಾಗ ಸೊಳ್ಳೆ ಕ್ರೀಮ್ ಹಚ್ಚುವುದಿದ್ದರೆ ಅದೂ ಸನ್‌ಸ್ಕ್ರೀನ್ ಮೇಲೆಯೇ. ಮನೆಯಿಂದ ಹೊರಡುವ 15-20 ನಿಮಿಷ ಮುಂಚೆ ಇದು ಮುಗಿದಿರಲಿ. ಕಿವಿಯ ಮೇಲ್ತುದಿ, ಕತ್ತಿನ ಹಿಂಭಾಗ, ರವಿಕೆಯ ಬೆನ್ನು ಕತ್ತರಿಸಿದ ಜಾಗ, ಕೂದಲ ಬೈತಲೆ, ಪಾದದ ಮೇಲ್ಭಾಗ ಇವೇ ಬಿಟ್ಟುಹೋಗುವ ಜಾಗಗಳು. ಬೋಳುತಲೆಯವರು ತಲೆಗೂ ಹಚ್ಚಬೇಕು, ಅಥವಾ ಟೋಪಿ ತೆಗೆಯಬಾರದು. ತುಟಿಗೆ ಎಸ್‌ಪಿಎಫ್ ಇರುವ ಲಿಪ್ ಬಾಮ್. ಹಣೆಗೆ ಹಚ್ಚಿದ್ದು ಬೆವರಿನ ಜೊತೆ ಕಣ್ಣಿಗಿಳಿದು ಉರಿಯುತ್ತಿದ್ದರೆ ಹುಬ್ಬಿನ ಸುತ್ತ ಮಿನರಲ್ ಬಗೆಯ ಸ್ಟಿಕ್ ಹಚ್ಚಿ ನೋಡಿ.

ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಈಜಿ ಬಂದ ಮೇಲೆ, ಟವೆಲ್‌ನಲ್ಲಿ ಮುಖ ಒರೆಸಿಕೊಂಡ ಮೇಲೆ ಕೂಡಲೇ. ಬೆಳಿಗ್ಗೆ ಹಚ್ಚಿ ಆಫೀಸಿನ ಒಳಗೆ ಕಿಟಕಿಯಿಂದ ದೂರ ಕೂತಿದ್ದರೆ ಎರಡು ಗಂಟೆಯ ನಿಯಮ ಬೇಡ. ಊಟಕ್ಕೆ ಹೊರಗೆ ನಡೆದು ಹೋಗುವ ಮುಂಚೆ ಒಮ್ಮೆ ಹಚ್ಚಿದರೆ ಸಾಕು.

ಕಣ್ಣು

ಕಣ್ಣಿಗೆ ಪೊರೆ ಬರಲು ಇರುವ ಕಾರಣಗಳಲ್ಲಿ ಯುವಿಯೂ ಒಂದು. ತಂಪು ಕನ್ನಡಕ ಕೊಳ್ಳುವಾಗ ಯುವಿ 400 ಎಂದು ಇದೆಯೇ ನೋಡಿ. ಕಪ್ಪಗಿದ್ದ ಮಾತ್ರಕ್ಕೆ ರಕ್ಷಣೆ ಇಲ್ಲ. ಯುವಿ ತಡೆಯದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಒಳಗೆ ಹೋಗುವ ಯುವಿ ಇನ್ನೂ ಜಾಸ್ತಿಯಾಗಬಹುದು. ಫುಟ್‌ಪಾತ್‌ನಲ್ಲಿ ಕೊಂಡಿದ್ದರೆ ಕನ್ನಡಕದ ಅಂಗಡಿಯಲ್ಲಿ ಯುವಿ ಮೀಟರ್ ಇದ್ದರೆ ಪರೀಕ್ಷೆ ಮಾಡಿಸಿ.

ಮಕ್ಕಳು

ಆರು ತಿಂಗಳ ಒಳಗಿನ ಮಗುವಿಗೆ ಸನ್‌ಸ್ಕ್ರೀನ್ ಬೇಡ. ನೆರಳು, ತೆಳು ಬಟ್ಟೆ, ಕುಲಾವಿ, ಇಷ್ಟೇ. ಆಮೇಲೆ ಮಿನರಲ್ ಬಗೆಯದನ್ನು ಬಟ್ಟೆ ಮುಚ್ಚದ ಜಾಗಕ್ಕೆ ಹಚ್ಚಬಹುದು.

ದೊಡ್ಡ ಮಕ್ಕಳ ವಿಷಯದಲ್ಲಿ ನನ್ನ ತಕರಾರು ಬೇಸಿಗೆ ಶಿಬಿರಗಳ ಮೇಲೆ. ಏಪ್ರಿಲ್-ಮೇ ತಿಂಗಳಲ್ಲಿ, ಇಡೀ ವರ್ಷದಲ್ಲೇ ಯುವಿ ಅತಿ ಹೆಚ್ಚಿರುವ ದಿನಗಳಲ್ಲಿ, ಬೆಳಿಗ್ಗೆ ಹತ್ತರಿಂದ ಹನ್ನೆರಡು ಈಜು, ಫುಟ್‌ಬಾಲ್ ಇಡುತ್ತಾರೆ. ಸೇರಿಸುವ ಮುಂಚೆ ಏಳು ಗಂಟೆಯ ಬ್ಯಾಚ್ ಇದೆಯೇ ಕೇಳಿ. ಕೇಳುವ ಅಪ್ಪ ಅಮ್ಮ ಜಾಸ್ತಿಯಾದರೆ ಬ್ಯಾಚ್ ತಾನೇ ಬರುತ್ತದೆ. ಈಜಿಗೆ ಫುಲ್ ತೋಳಿನ ಈಜುಡುಪು ಹಾಕಿಸಿ. ನೀರಿನೊಳಗೆ ತಂಪಾಗಿರುವುದರಿಂದ ಬೆನ್ನು ಸುಡುವುದು ಮಗುವಿಗೆ ಗೊತ್ತೇ ಆಗುವುದಿಲ್ಲ.

ಅಡುಗೆಮನೆ ಮದ್ದು, ಮಾತ್ರೆ, ಕಾಂಗ್ರೆಸ್ ಗಿಡ

ಟ್ಯಾನ್ ತೆಗೆಯಲು ನಿಂಬೆಹಣ್ಣು ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆ, ರಸದಲ್ಲಿ ಬಿಸಿಲಿನ ಜೊತೆ ಸೇರಿ ಚರ್ಮ ಸುಡುವ ಅಂಶ ಇದೆ. ರಸ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು, ಆಮೇಲೆ ಅಲ್ಲೇ ಕಪ್ಪು ಕಲೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಹೊರಗೆ ಕೂತು ಪಾನಕಕ್ಕೆ ನಿಂಬೆ ಹಿಂಡಿದವರೂ ಕೈ ಚೆನ್ನಾಗಿ ತೊಳೆದುಕೊಳ್ಳಿ. ಕಡಲೆಹಿಟ್ಟು, ಮೊಸರು ಹಚ್ಚಿದರೆ ತೊಂದರೆ ಇಲ್ಲ, ತಂಪು ಅನಿಸುತ್ತದೆ. ಪವಾಡ ಏನೂ ಆಗುವುದಿಲ್ಲ. ಟ್ಯಾನ್ ಚರ್ಮ ತಾನಾಗಿ ಉದುರಿ ಹೊಸದು ಬರುವಾಗ ಹೋಗುತ್ತದೆ, ಅದಕ್ಕೆ ಕೆಲವು ವಾರ ಬೇಕು. ಕೊಬ್ಬರಿ ಎಣ್ಣೆ ಚರ್ಮಕ್ಕೆ ಒಳ್ಳೆಯದು, ಬಿಸಿಲಿಗೆ ತಡೆ ಅಲ್ಲ. ನೀರು ಎಷ್ಟು ಕುಡಿದರೂ ಯುವಿ ತಡೆಯುವುದಿಲ್ಲ. ಕುಡಿಯಬೇಕಾದ್ದು ಸೆಕೆಗೆ.

ಬೆಳ್ಳಗಾಗುವ ಕ್ರೀಮ್ ಎಂದು ಚೀಟಿ ಇಲ್ಲದೆ ಕೊಳ್ಳುವ ಕೆಲವು ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳ ಕಾಣಿಸಿಕೊಂಡು, ಬಿಸಿಲು ಬಿದ್ದ ಕೂಡಲೇ ಉರಿಯತೊಡಗುತ್ತದೆ. ಟ್ಯೂಬಿನ ಹಿಂದೆ ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಸಾಲ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್ ಎಂದೇ ತಿಳಿಯಿರಿ. ಬಹಳ ದಿನದಿಂದ ಹಚ್ಚುತ್ತಿದ್ದರೆ ಏಕಾಏಕಿ ಬಿಡದೆ ಚರ್ಮದ ಡಾಕ್ಟರನ್ನು ಕಂಡು ಬಿಡಿ.

ಕೆಲವು ಮಾತ್ರೆಗಳೂ ಬಿಸಿಲಿಗೆ ಚರ್ಮವನ್ನು ಸೂಕ್ಷ್ಮ ಮಾಡುತ್ತವೆ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಐಸೊಟ್ರೆಟಿನಾಯಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್ ಅಂಥವು. ಮಾತ್ರೆ ನಿಲ್ಲಿಸಬೇಡಿ, ಬಿಸಿಲು ತಪ್ಪಿಸಿ.

ಇನ್ನೊಂದು ನಮ್ಮ ಊರಿಗೇ ಸೇರಿದ ಸಂಗತಿ. ಖಾಲಿ ಸೈಟು, ರೈಲು ಹಳಿಯ ಪಕ್ಕ, ಕೆರೆ ಏರಿ, ಎಲ್ಲೆಲ್ಲೂ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅದರ ಪುಡಿ ಗಾಳಿಯಲ್ಲಿ ಹಾರಿ ಬಂದು ಕೆಲವರಿಗೆ ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ತುರಿಕೆ, ದದ್ದು ತರುತ್ತದೆ. ನೋಡಲು ಬಿಸಿಲಿನ ಅಲರ್ಜಿಯಂತೆಯೇ ಇರುತ್ತದೆ, ಬಿಸಿಲಿಗೆ ಹೆಚ್ಚುವುದೂ ಉಂಟು. ಕಣ್ಣಿನ ರೆಪ್ಪೆ, ಕಿವಿಯ ಹಿಂದೆ, ಗಲ್ಲದ ಕೆಳಗೆ ಹೀಗೆ ಬಿಸಿಲು ಬೀಳದ ಕಡೆಯೂ ದದ್ದು ಇದ್ದರೆ ಗಿಡದ ಮೇಲೆ ಅನುಮಾನ ಪಡಿ. ಎಷ್ಟು ಸನ್‌ಸ್ಕ್ರೀನ್ ಹಚ್ಚಿದರೂ ಅದು ಹೋಗುವುದಿಲ್ಲ.

ವಿಟಮಿನ್ ಡಿ ಗತಿ ಏನು?

ಈ ಪ್ರಶ್ನೆ ಬಂದೇ ಬರುತ್ತದೆ. ವಿಟಮಿನ್ ಡಿ ತಯಾರಾಗುವುದು ಯುವಿಬಿಯಿಂದ. ಬೆಳಗಿನ ಎಳೆ ಬಿಸಿಲಿನಲ್ಲಿ ಯುವಿಬಿ ತೀರಾ ಕಡಿಮೆ. ಹಾಗಾಗಿ ಏಳು ಗಂಟೆಯ ಬಿಸಿಲಿಗೆ ಮೈಯೊಡ್ಡುವುದು ಹಿತ ಹೌದು, ವಿಟಮಿನ್ ಡಿ ಲೆಕ್ಕದಲ್ಲಿ ದೊಡ್ಡ ಲಾಭ ಇಲ್ಲ. ಹೊತ್ತು ಏರಿದ ಮೇಲೆ ಕೈ ಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬಿದ್ದರೆ ಆ ಕೆಲಸ ಆಗುತ್ತದೆ, ಮುಖವನ್ನು ಒಡ್ಡಬೇಕಿಲ್ಲ. ನಾವು ಹಚ್ಚುವ ಅರೆಬರೆ ಸನ್‌ಸ್ಕ್ರೀನ್‌ನಿಂದ ಕೊರತೆ ಬರುವುದು ಅಪರೂಪ. ಬೆಂಗಳೂರಿನವರ ಕೊರತೆಗೆ ಕಾರಣ ದಿನವಿಡೀ ಒಳಗೆ ಕೂರುವುದು. ಮೂಳೆ ನೋವು, ಸುಸ್ತು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಅಳತೆಯ ಮಾತ್ರೆ ತೆಗೆದುಕೊಳ್ಳಿ.

ಇಷ್ಟಾದರೂ ಸುಟ್ಟರೆ

ಚರ್ಮದ ಉರಿ ಅಂದೇ ಪೂರ್ತಿ ಕಾಣುವುದಿಲ್ಲ, 12ರಿಂದ 24 ಗಂಟೆಯಲ್ಲಿ ಹೆಚ್ಚುತ್ತದೆ. ಕೆಂಪಾದದ್ದು ಕಂದು ಚರ್ಮದಲ್ಲಿ ಸ್ಪಷ್ಟ ತಿಳಿಯುವುದಿಲ್ಲ. ಮುಟ್ಟಿದರೆ ಬಿಸಿ, ನೋವು, ಬಿಗಿತ ಇದ್ದರೆ ಸುಟ್ಟಿದೆ ಎಂದೇ ಅರ್ಥ. ಕೂಡಲೇ ನೆರಳಿಗೆ ಬನ್ನಿ. ತಣ್ಣೀರಿನ ಒದ್ದೆ ಬಟ್ಟೆ ಹತ್ತು ಹದಿನೈದು ನಿಮಿಷ ಹಾಕಿ, ಐಸ್ ನೇರವಾಗಿ ಇಡಬೇಡಿ. ಆಮೇಲೆ ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಅಥವಾ ಲೋಳೆಸರ ಹಚ್ಚಿ. ಟೂತ್‌ಪೇಸ್ಟ್, ಅರಿಶಿನ, ನಿಂಬೆ ಯಾವುದೂ ಬೇಡ. ಬೊಬ್ಬೆ ಎದ್ದರೆ ಒಡೆಯಬೇಡಿ. ವಾಸಿಯಾಗುವ ತನಕ ಆ ಜಾಗವನ್ನು ಬಟ್ಟೆಯಿಂದಲೇ ಮುಚ್ಚಿ. ಪಾರ್ಲರ್‌ನ ಡಿ-ಟ್ಯಾನ್, ಬ್ಲೀಚ್ ಆ ವಾರ ಮಾಡಿಸಿದರೆ ಗಾಯಕ್ಕೆ ಉಪ್ಪು ಸವರಿದಂತೆಯೇ.

ಜ್ವರ, ಚಳಿ, ವಾಂತಿ ಇದ್ದರೆ, ದೊಡ್ಡ ದೊಡ್ಡ ಬೊಬ್ಬೆ ಎದ್ದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಬಿಸಿಲಲ್ಲಿದ್ದವರು ತಡವರಿಸಿ ಮಾತಾಡಿದರೆ, ಪ್ರಜ್ಞೆ ತಪ್ಪಿದರೆ ಅದು ಚರ್ಮದ ವಿಷಯ ಅಲ್ಲ, ತುರ್ತು. ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ.

ಚರ್ಮದ ಡಾಕ್ಟರಿಗೆ ತೋರಿಸಬೇಕಾದದ್ದು ಇನ್ನೂ ಕೆಲವು ಇವೆ. ಬಿಸಿಲಿಗೆ ಹೋದಾಗಲೆಲ್ಲ ದದ್ದು ಏಳುವುದು, ವಾಸಿಯಾಗದ ಹುಣ್ಣು, ಆಕಾರ ಅಥವಾ ಬಣ್ಣ ಬದಲಾಗುತ್ತಿರುವ ಮಚ್ಚೆ, ಅಂಗಾಲಿನಲ್ಲೋ ಉಗುರಿನ ಕೆಳಗೋ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ. ಕೊನೆಯದ್ದು ಬಿಸಿಲಿನಿಂದ ಬರುವುದಲ್ಲ, ಆದರೆ ನಮ್ಮಂಥ ಚರ್ಮದವರಲ್ಲಿ ಅಪಾಯದ ಮಚ್ಚೆಗಳು ಅಂಥ ಕಡೆಯೂ ಬರುತ್ತವೆ, ಯಾರೂ ನೋಡಿಕೊಳ್ಳುವುದಿಲ್ಲ. ಅನುಮಾನದ ಮಚ್ಚೆ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದಿಡಿ, ಬೆಳೆಯುತ್ತಿದೆಯೇ ಎಂದು ಹೇಳಲು ಸುಲಭ. ಖಾಸಗಿ ಕ್ಲಿನಿಕ್ ದುಬಾರಿ ಅನಿಸಿದರೆ ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಹೋಗುವಾಗ ಈಗ ಹಚ್ಚುತ್ತಿರುವ ಟ್ಯೂಬು, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಎಲ್ಲವನ್ನೂ ಒಂದು ಕವರ್‌ಗೆ ಹಾಕಿಕೊಂಡು ಹೋಗಿ. 'ಏನೋ ಒಂದು ಬಿಳಿ ಕ್ರೀಮ್ ಡಾಕ್ಟ್ರೇ' ಎಂದರೆ ಅವರಿಗೂ ಏನೂ ತಿಳಿಯುವುದಿಲ್ಲ.